ಚೌಕಟ್ಟು ಬದಲಾದರೂ ಖಾತೆ ಉಳಿಯುತ್ತದೆ

ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ದಾವಣಗೆರೆಯ ಗೋಡೆಗಳಿಗೆ ಹೊಸ ಬಣ್ಣ ಬರುತ್ತದೆ. ವಿದ್ಯುತ್ ಕಂಬ, ಬಸ್ ನಿಲ್ದಾಣ, ಬೆಣ್ಣೆ ದೋಸೆ ಹೋಟೆಲಿನ ಎದುರಿನ ಕಾಂಪೌಂಡು, ಎಲ್ಲಿ ನೋಡಿದರೂ ಕಂಪ್ಯೂಟರ್ ತರಬೇತಿಯ ಜಾಹೀರಾತು. ಬೆಳಗಿನ ಪತ್ರಿಕೆ ಬಿಡಿಸಿದರೆ ಒಳಗಿನಿಂದಲೂ ಒಂದು ಕರಪತ್ರ ಜಾರಿ ಬೀಳುತ್ತದೆ. ಫುಲ್ ಸ್ಟ್ಯಾಕ್, ರಿಯಾಕ್ಟ್, ಆಂಗ್ಯುಲರ್, ಸ್ಪ್ರಿಂಗ್ ಬೂಟ್, ಜಾಂಗೋ. ಔಷಧಿಯ ಹೆಸರೋ ಸಿನಿಮಾದ ಹೆಸರೋ ತಿಳಿಯದ ಈ ಪದಗಳ ಕೆಳಗೆ ಆರು ತಿಂಗಳ ಅವಧಿ, ಕಂತಿನಲ್ಲಿ ಶುಲ್ಕ ಮತ್ತು ಕೆಲಸದ ಭರವಸೆ.

ನಮ್ಮ ಬೀದಿಯಲ್ಲಿ ನಾನು 'ಕಂಪ್ಯೂಟರ್‌ನಲ್ಲಿ ಇರೋರು' ಎಂದೇ ಪರಿಚಿತ. ಹಾಗಾಗಿ ಈ ಕರಪತ್ರಗಳಲ್ಲಿ ಕೆಲವು ನನ್ನ ಮನೆಯ ಬಾಗಿಲಿಗೂ ಬರುತ್ತವೆ. ಕೈಯಲ್ಲಿ ಹಿಡಿದು ತರುವವರು ತಂದೆ ತಾಯಂದಿರು. "ಇವುಗಳಲ್ಲಿ ಯಾವುದಕ್ಕೆ ಮಗನನ್ನ ಸೇರಿಸಿದ್ರೆ ಒಳ್ಳೇದು, ಒಂದು ಟಿಕ್ ಹಾಕಿ ಕೊಡ್ರಿ" ಎನ್ನುತ್ತಾರೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸದಲ್ಲಿ ಅನ್ನ ತಿಂದವನಾದರೂ ಟಿಕ್ ಹಾಕಲು ನನ್ನ ಪೆನ್ನು ಏಳುವುದಿಲ್ಲ. "ಇದರಲ್ಲಿ ಯಾವುದಾದರೂ ಆಗುತ್ತೆ, ಆದರೆ ಮೊದಲು ಡೇಟಾಬೇಸ್ ಕಲೀಲಿ" ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಡಾಕ್ಟರು ಚುಚ್ಚುಮದ್ದು ಕೊಡದೆ, ಬರೀ ಪಥ್ಯ ಹೇಳಿ ಕಳಿಸಿದ ಹಾಗೆ. ಆ ಪಥ್ಯವನ್ನು ಯಾಕೆ ಹೇಳುತ್ತೇನೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಫ್ರೇಮ್‌ವರ್ಕ್ ಎಂದರೇನು ನೋಡೋಣ. ಹಿಂದೆ ಹಳ್ಳಿಯಲ್ಲಿ ಮದುವೆ ಎಂದರೆ ಮನೆಯ ಮುಂದೆ ಚಪ್ಪರ ಹಾಕಬೇಕು, ಹಿತ್ತಲಲ್ಲಿ ಒಲೆ ತೋಡಬೇಕು, ಪಾತ್ರೆ ಪಗಡ ಕೇಳಿ ತರಬೇಕು. ಈಗ ಕಲ್ಯಾಣ ಮಂಟಪವಿದೆ. ವೇದಿಕೆ, ದೀಪ, ಅಡುಗೆಮನೆ, ಊಟದ ಹಾಲು ಎಲ್ಲ ಸಿದ್ಧ. ಗಂಡು ಹೆಣ್ಣು ಕರೆದುಕೊಂಡು ನೀವು ಹೋದರೆ ಸಾಕು. ಪ್ರತಿಯಾಗಿ ಮಂಟಪದವರ ನಿಯಮಕ್ಕೆ ಒಪ್ಪಬೇಕು. ವೇದಿಕೆ ಅವರು ಕಟ್ಟಿದ ಕಡೆಯೇ ಇರುತ್ತದೆ, ಸಂಜೆ ಇಷ್ಟು ಹೊತ್ತಿಗೆ ಖಾಲಿ ಮಾಡಬೇಕು. ಅಂತರಜಾಲದ ಫ್ರೇಮ್‌ವರ್ಕ್ ಎಂದರೆ ಇಂಥದೇ ಒಂದು ಮಂಟಪ. ಬಳಕೆದಾರ ಒಳಗೆ ಬರುವ ಬಾಗಿಲು, ಗುಪ್ತಪದದ ತಪಾಸಣೆ, ಪುಟಗಳನ್ನು ತೋರಿಸುವ ವ್ಯವಸ್ಥೆ ಎಲ್ಲ ಅದರಲ್ಲಿ ಮೊದಲೇ ಇರುತ್ತವೆ. ಪ್ರೋಗ್ರಾಮರ್ ತನ್ನ ಕೆಲಸದ ವಿಶೇಷವನ್ನಷ್ಟೇ ತುಂಬುತ್ತಾನೆ.

ಮಂಟಪ ಒಳ್ಳೆಯದೇ. ಆದರೆ ಮಂಟಪಗಳು ಎಷ್ಟು ಬೇಗ ಬದಲಾಗುತ್ತವೆ ಗೊತ್ತೆ? ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಜಾವಾ ಬಲ್ಲವರೆಲ್ಲ 2000ನೇ ಇಸವಿಯಲ್ಲಿ ಹುಟ್ಟಿದ ಸ್ಟ್ರಟ್ಸ್ ಹಿಂದೆ ಬಿದ್ದಿದ್ದರು. ಅದರ ಮೊದಲ ಆವೃತ್ತಿಗೆ 2013ರಲ್ಲಿ ಅಧಿಕೃತವಾಗಿ ವಿದಾಯ ಹೇಳಲಾಯಿತು. 2004ರಲ್ಲಿ ರೂಬಿ ಆನ್ ರೇಲ್ಸ್ ಬಂತು. 2005ರಲ್ಲಿ ಜಾಂಗೋ ಬಂತು. ಪತ್ರಿಕೆಯ ಓದುಗರಿಗೆ ಇಲ್ಲೊಂದು ಖುಷಿಯ ಸಂಗತಿಯಿದೆ. ಜಾಂಗೋ ಹುಟ್ಟಿದ್ದು ಯಾವ ದೊಡ್ಡ ಸಾಫ್ಟ್‌ವೇರ್ ಕಂಪೆನಿಯಲ್ಲೂ ಅಲ್ಲ, ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಸುದ್ದಿ ಗಡುವಿನ ಒಳಗೆ ಜಾಲತಾಣ ಕಟ್ಟಬೇಕಾದ ಒತ್ತಡವೇ ಅದರ ತಾಯಿ. 2010ರಲ್ಲಿ ಗೂಗಲ್‌ನವರ ಆಂಗ್ಯುಲರ್ ಜೆಎಸ್ ಬಂತು. 2016ರಲ್ಲಿ ಅದೇ ಹೆಸರಿನ ಎರಡನೇ ಆವೃತ್ತಿ ಬಂದಾಗ ಅದು ಹಳೆಯದಕ್ಕೆ ಹೊಂದುವಂತಿರಲಿಲ್ಲ, ಕಲಿತವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಹಳೆಯ ಆಂಗ್ಯುಲರ್‌ಗೆ 2021ರ ಕೊನೆಗೆ ಬೆಂಬಲ ನಿಂತಿತು. ಅಷ್ಟರಲ್ಲಿ 2013ರಲ್ಲಿ ಫೇಸ್‌ಬುಕ್ ಹೊರಬಿಟ್ಟ ರಿಯಾಕ್ಟ್ ಎಲ್ಲರ ಬಾಯಲ್ಲಿತ್ತು.

ಇವುಗಳಲ್ಲಿ ಐದಾರನ್ನು ನಾನು ಹೊಟ್ಟೆಪಾಡಿಗಾಗಿ ಕಲಿತೆ. ಹೆಚ್ಚಿನವು ಈಗ ಮರೆತಿವೆ, ಅದರ ಬಗ್ಗೆ ದುಃಖವೂ ಇಲ್ಲ. ಆದರೆ ಇಂಜಿನಿಯರಿಂಗ್ ಓದುವಾಗ ದಾವಣಗೆರೆಯ ಪ್ರಯೋಗಾಲಯದಲ್ಲಿ ಗಡಗಡ ಸದ್ದು ಮಾಡುವ ಫ್ಯಾನಿನ ಕೆಳಗೆ ಕುಳಿತು ಬರೆದ ಎಸ್‌ಕ್ಯುಎಲ್ ವಾಕ್ಯಗಳನ್ನು ನಿನ್ನೆಯೂ ಬರೆದೆ, ನಾಳೆಯೂ ಬರೆಯುತ್ತೇನೆ. ನಾನು ಇಂದಿಗೂ ನೋಡಿಕೊಳ್ಳುತ್ತಿರುವ ಒಂದು ವ್ಯವಸ್ಥೆಯ ಕೋಷ್ಟಕಗಳು 2003ರಲ್ಲಿ ರಚಿತವಾದವು. ಅವುಗಳ ಮೇಲಿನ ಮುಖ ಮೂರು ಸಲ ಬದಲಾಗಿದೆ, ಮೂರು ಫ್ರೇಮ್‌ವರ್ಕ್‌ಗಳು ಬಂದು ಹೋಗಿವೆ. ಕೋಷ್ಟಕಗಳು ಮಾತ್ರ ಕಲ್ಲುಕಂಬದ ಹಾಗೆ ನಿಂತಿವೆ.

ಹೀಗೆ ನಿಲ್ಲುವ ಶಕ್ತಿ ಅವಕ್ಕೆ ಎಲ್ಲಿಂದ ಬಂತು? ಅದಕ್ಕೆ 1970ಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಗಣಕದಲ್ಲಿ ಮಾಹಿತಿ ಇಡುತ್ತಿದ್ದ ಕ್ರಮ ಹಳೆಯ ಕಾಲದ ಉಗ್ರಾಣದಂತಿತ್ತು. ಯಾವ ಕೋಣೆ, ಯಾವ ಮೂಲೆ, ಯಾವ ಡಬ್ಬಿ ಎಂದು ಗೊತ್ತಿದ್ದವರಿಗೆ ಮಾತ್ರ ಸಾಮಾನು ಸಿಗುತ್ತಿತ್ತು. ಡಬ್ಬಿಯ ಜಾಗ ಬದಲಾಯಿಸಿದರೆ ಅದನ್ನು ಹುಡುಕುವ ಪ್ರೋಗ್ರಾಮುಗಳೆಲ್ಲ ಕೆಡುತ್ತಿದ್ದವು. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ, ಮಾಹಿತಿಯನ್ನು ಸರಳ ಕೋಷ್ಟಕಗಳಾಗಿ ಬರೆಯಿರಿ, ಏನು ಬೇಕು ಎಂದಷ್ಟೇ ಕೇಳಿ, ಎಲ್ಲಿದೆ ಎಂದು ಹುಡುಕುವ ಕೆಲಸ ಯಂತ್ರದ್ದಾಗಲಿ ಎಂಬ ವಿಚಾರವನ್ನು ಒಂದು ಪ್ರಬಂಧದಲ್ಲಿ ಮಂಡಿಸಿದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ಹಾರಿಸಿದ್ದ ಮನುಷ್ಯ ಆತ. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬ ಇಬ್ಬರು ಈ ವಿಚಾರಕ್ಕೆ ಒಂದು ಭಾಷೆ ಕೊಟ್ಟರು. ಅದೇ ಇಂದಿನ ಎಸ್‌ಕ್ಯುಎಲ್. ಕಾಡ್‌ಗೆ 1981ರಲ್ಲಿ ಗಣಕ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 2003ರಲ್ಲಿ ಆತ ತೀರಿಕೊಂಡ. ಆತನ ಕೋಷ್ಟಕಗಳು ಇಂದಿಗೂ ನಮ್ಮ ಬ್ಯಾಂಕು, ರೈಲು ಟಿಕೆಟ್ಟು, ಅಂಕಪಟ್ಟಿ, ಪಹಣಿಗಳನ್ನು ಹೊತ್ತು ನಿಂತಿವೆ.

ಇದನ್ನೆಲ್ಲ ಕಾಲೇಜಿನಲ್ಲಿ ಓದುವಾಗ ನನಗೆ ಹೊಸದೆನಿಸಲೇ ಇಲ್ಲ. ಯಾಕೆಂದರೆ ನಮ್ಮ ದೊಡ್ಡಪ್ಪ ದಾವಣಗೆರೆಯ ಒಂದು ದಲಾಲಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಪಕ್ಕ ಕುಳಿತು ಲೆಕ್ಕ ಕೂಡುತ್ತಿದ್ದೆ. ಅಂಗಡಿಯಲ್ಲಿ ಎರಡು ದಪ್ಪ ಪುಸ್ತಕ. ಒಂದು ಕಿರ್ದಿ, ಅಂದಂದಿನ ವ್ಯವಹಾರ ಬರೆಯುವುದು. ಇನ್ನೊಂದು ಖಾತೆ ಪುಸ್ತಕ, ಒಬ್ಬೊಬ್ಬ ರೈತನಿಗೆ ಒಂದೊಂದು ಪುಟ. ರೈತನ ಹೆಸರು, ಊರು, ತಂದೆಯ ಹೆಸರು ಖಾತೆ ಪುಟದ ತಲೆಯಲ್ಲಿ ಒಂದೇ ಒಂದು ಸಲ ಬರೆದಿರುತ್ತಿತ್ತು. ಕಿರ್ದಿಯಲ್ಲಿ ಇಷ್ಟು ಚೀಲ ಮೆಕ್ಕೆಜೋಳ, ಇಷ್ಟು ದರ, ಇಷ್ಟು ಹಮಾಲಿ ಎಂದು ಬರೆದು ಪಕ್ಕದಲ್ಲಿ ಖಾತೆಯ ಪುಟಸಂಖ್ಯೆ ಹಾಕುತ್ತಿದ್ದರು.

"ಪುಟಸಂಖ್ಯೆ ಯಾಕೆ ದೊಡ್ಡಪ್ಪ, ಹೆಸರು ಬರೆದರೆ ಸಾಲದಾ?" ಎಂದು ಒಮ್ಮೆ ಕೇಳಿದೆ.

"ಬಸಪ್ಪ ಅನ್ನೋ ಹೆಸರಿನೋರು ನಮ್ಮ ಅಂಗಡಿಗೆ ಹನ್ನೊಂದು ಮಂದಿ ಬರ್ತಾರೆ. ನಾನು ಹೆಸರಿಗೆ ರೊಕ್ಕ ಬರಿಯಲ್ಲ ತಮ್ಮಾ, ಪುಟಕ್ಕೆ ಬರಿತೀನಿ" ಎಂದರು.

ಡೇಟಾಬೇಸ್ ಪಠ್ಯಪುಸ್ತಕದ ಎರಡು ಅಧ್ಯಾಯ ಈ ಒಂದು ಮಾತಿನಲ್ಲಿದೆ. ಖಾತೆಯ ಪುಟಸಂಖ್ಯೆಯನ್ನೇ ನಾವು ಪ್ರೈಮರಿ ಕೀ ಎನ್ನುತ್ತೇವೆ. ಕಿರ್ದಿಯಲ್ಲಿ ಅದನ್ನು ಉಲ್ಲೇಖಿಸಿದರೆ ಅದು ಫಾರಿನ್ ಕೀ. ಹೆಸರನ್ನು ಒಂದೇ ಕಡೆ ಬರೆದು ಉಳಿದೆಡೆ ಸಂಖ್ಯೆಯಿಂದ ತೋರಿಸುವುದಕ್ಕೆ ನಾರ್ಮಲೈಸೇಶನ್ ಎಂಬ ಭಾರಿ ಹೆಸರು. ಅದರ ತಿರುಳು ಇಷ್ಟೇ: ಒಂದು ಸಂಗತಿಗೆ ಒಂದೇ ಜಾಗ. ರೈತ ಊರು ಬದಲಾಯಿಸಿದರೆ ಒಂದು ಕಡೆ ತಿದ್ದಿದರೆ ಸಾಕು. ನೂರು ಕಡೆ ಬರೆದಿದ್ದರೆ ತೊಂಬತ್ತೆಂಟು ಕಡೆ ತಿದ್ದಿ ಎರಡು ಕಡೆ ಮರೆಯುತ್ತೇವೆ. ಆಮೇಲೆ ಯಾವುದು ನಿಜ ಎಂದು ಪುಸ್ತಕವೇ ಹೇಳಲಾರದು.

ದೊಡ್ಡಪ್ಪನ ಇನ್ನೊಂದು ನಿಯಮ, ಬರೆದದ್ದನ್ನು ಹೊಡೆದು ಹಾಕಬಾರದು. ಲೆಕ್ಕ ತಪ್ಪಿದ್ದರೆ ಮರುದಿನದ ಕಿರ್ದಿಯಲ್ಲಿ ವಿರುದ್ಧದ ನಮೂದು ಹಾಕಿ ಸರಿಪಡಿಸಬೇಕು. ಹಣದ ವ್ಯವಹಾರವಿರುವ ಕೋಷ್ಟಕದಲ್ಲಿ ಹಳೆಯ ಸಾಲನ್ನು ತಿದ್ದುವ ತರುಣ ಪ್ರೋಗ್ರಾಮರುಗಳನ್ನು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಈಗ ಹರಿಹರಕ್ಕೆ ಬರೋಣ. ದಾವಣಗೆರೆಯಿಂದ ಹತ್ತು ಹದಿನೈದು ಕಿಲೋಮೀಟರ್ ದೂರ. ತುಂಗಭದ್ರೆಯ ಈಚೆ ದಡ ಹರಿಹರ, ಹಿಂದಿನ ಮೈಸೂರು ಸೀಮೆ. ಆಚೆ ದಡ ಕುಮಾರಪಟ್ಟಣಂ, ರಾಣೆಬೆನ್ನೂರು ತಾಲ್ಲೂಕು, ಹಿಂದಿನ ಮುಂಬೈ ಪ್ರಾಂತ್ಯ. 1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ಆದರೆ ಹೆಸರು ಇಡುವ ಪದ್ಧತಿ ಇಂದಿಗೂ ಪೂರ್ತಿ ಒಂದಾಗಿಲ್ಲ. ಈಚೆ ಬಹುಪಾಲು ಜನಕ್ಕೆ ಇನಿಷಿಯಲ್ಲುಗಳೇ ಗತಿ. ಒಂದು ಅಕ್ಷರ ಊರಿನದು, ಒಂದು ಅಪ್ಪನದು, ಆಮೇಲೆ ಸ್ವಂತ ಹೆಸರು. ಆಚೆಯವರಿಗೆ ಮೊದಲು ಸ್ವಂತ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಪಾಟೀಲ, ಅಂಗಡಿ ಎಂಬಂಥ ಮನೆತನದ ಅಡ್ಡಹೆಸರು. ಸೇತುವೆ ದಾಟಲು ಐದು ನಿಮಿಷ ಸಾಕು, ಹೆಸರಿನ ವ್ಯಾಕರಣವೇ ಬದಲಾಗುತ್ತದೆ.

ಅರ್ಜಿಯ ಪುಟ ರಚಿಸಿದ ಪ್ರೋಗ್ರಾಮರ್ ಇದನ್ನು ಯೋಚಿಸಿರುವುದಿಲ್ಲ. ಯಾವುದೋ ವಿದೇಶಿ ಮಾದರಿ ನೋಡಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ ಇಟ್ಟು ಎರಡನ್ನೂ ಕಡ್ಡಾಯ ಮಾಡುತ್ತಾನೆ. ಹರಿಹರದ ಹುಡುಗಿ ಕೊನೆಯ ಹೆಸರು ಎಲ್ಲಿಂದ ತರಬೇಕು? ಉದಾಹರಣೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಂ. ಎಸ್. ಕಾವ್ಯ, ಇನ್ನೊಂದು ದಾಖಲೆಯಲ್ಲಿ ಕಾವ್ಯ ಎಂ ಎಸ್, ಬ್ಯಾಂಕಿನಲ್ಲಿ ಕಾವ್ಯ ಸಿದ್ದೇಶ್ ಎಂದಾಗುತ್ತದೆ. ಮನುಷ್ಯರ ಕಣ್ಣಿಗೆ ಒಬ್ಬಳೇ ಹುಡುಗಿ, ಯಂತ್ರದ ಕಣ್ಣಿಗೆ ಮೂವರು. ನನ್ನ ಅಭಿಪ್ರಾಯದಲ್ಲಿ ಹೆಸರಿಗೆ ಒಂದೇ ಉದ್ದದ ಚೌಕ ಸಾಕು, ಅವರು ಬರೆದಂತೆ ಇಟ್ಟುಕೊಳ್ಳಬೇಕು. ಬೇರೆ ಬೇರೆ ದಾಖಲೆಯಲ್ಲಿ ಬೇರೆ ಬೇರೆ ರೂಪವಿದ್ದರೆ ಅದಕ್ಕೊಂದು ಪ್ರತ್ಯೇಕ ಕೋಷ್ಟಕ ಮಾಡಿ, ಆ ರೂಪಗಳನ್ನೆಲ್ಲ ಒಬ್ಬ ವ್ಯಕ್ತಿಯ ಸಂಖ್ಯೆಗೆ ಜೋಡಿಸಬೇಕು. ಇದನ್ನು ಯಾವ ಫ್ರೇಮ್‌ವರ್ಕೂ ಕಲಿಸುವುದಿಲ್ಲ. ತುಂಗಭದ್ರೆಯ ಸೇತುವೆ ಕಲಿಸುತ್ತದೆ.

ಇದು ಬರೀ ವ್ಯಾಕರಣದ ತಕರಾರು ಎಂದುಕೊಳ್ಳಬೇಡಿ. ನಮ್ಮ ಹಿಂದಿನ ಬೀದಿಯಲ್ಲಿ ಲಗೇಜ್ ಆಟೋ ಓಡಿಸುವವರೊಬ್ಬರ ಮನೆ ಇದೆ. ಇಬ್ಬರು ಹೆಣ್ಣುಮಕ್ಕಳು, ಮನೆಗೆಲ್ಲ ಒಂದೇ ಫೋನು. ದೊಡ್ಡವಳು ಒಂದು ವಿದ್ಯಾರ್ಥಿವೇತನಕ್ಕೆ ಆ ಫೋನಿನ ಸಂಖ್ಯೆ ಕೊಟ್ಟು ಅರ್ಜಿ ಹಾಕಿದ್ದಳು. ಮುಂದಿನ ವರ್ಷ ಚಿಕ್ಕವಳು ಅರ್ಜಿ ಹಾಕಲು ಹೋದರೆ 'ಈ ಸಂಖ್ಯೆ ಈಗಾಗಲೇ ನೋಂದಣಿಯಾಗಿದೆ' ಎಂದು ತೆರೆಯ ಮೇಲೆ ಕೆಂಪಕ್ಷರ. ಕೊನೆಯ ದಿನಾಂಕಕ್ಕೆ ಎರಡೇ ದಿನ. "ಹೊಸ ಸಿಮ್ ತಗೊಳ್ರಿ ಅಣ್ಣಾ, ಎಲ್ಲರೂ ಹಂಗೇ ಮಾಡ್ತಾರೆ" ಎಂದನಂತೆ ಸೈಬರ್ ಸೆಂಟರಿನ ಹುಡುಗ. ಅವಸರಕ್ಕೆ ಪಕ್ಕದ ಮನೆಯ ಹೆಣ್ಣುಮಗಳ ಸಂಖ್ಯೆ ಕೊಟ್ಟು ಅರ್ಜಿ ತುಂಬಿದರು. ಮರುವರ್ಷ ನವೀಕರಣದ ಹೊತ್ತಿಗೆ ಆ ಪಕ್ಕದ ಮನೆಯವರು ಶಿವಮೊಗ್ಗಕ್ಕೆ ಹೋಗಿ ನೆಲೆಸಿದ್ದರು. ಒಟಿಪಿ ಬರುವುದು ಶಿವಮೊಗ್ಗಕ್ಕೆ, ಅರ್ಜಿ ತುಂಬುವುದು ದಾವಣಗೆರೆಯಲ್ಲಿ. "ಆಂಟಿ, ನಿಮ್ಮ ಫೋನಿಗೆ ಒಂದು ನಂಬರ್ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ" ಎಂದು ಆ ಹುಡುಗಿ ಫೋನು ಹಿಡಿದು ಬೇಡುವುದನ್ನು ನಾನೇ ಕೇಳಿದ್ದೇನೆ. ಆ ತಾಯಿ ಕೆಲಸದಲ್ಲಿದ್ದು ನೋಡುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತಿತ್ತು. ಆ ವರ್ಷದ ಹಣ ಬಂದದ್ದು ತಡವಾಗಿ. ಅಷ್ಟರಲ್ಲಿ ಕಾಲೇಜಿನ ಶುಲ್ಕ ಕಟ್ಟಲು ಅಮ್ಮನ ಓಲೆ ಅಡವಿಗೆ ಹೋಗಿತ್ತು.

ಎಲ್ಲೋ ಕುಳಿತ ಒಬ್ಬ ಪ್ರೋಗ್ರಾಮರ್ ಫೋನ್ ಸಂಖ್ಯೆಯ ಕಾಲಂ ಮುಂದೆ 'ಯುನಿಕ್' ಎಂಬ ಒಂದೇ ಪದ ಬರೆದಿದ್ದ. ಒಬ್ಬ ಮನುಷ್ಯನಿಗೆ ಒಂದು ಫೋನು ಎಂಬುದು ಅವನ ಮನೆಯಲ್ಲಿ ನಿಜವಾಗಿತ್ತು, ಅಷ್ಟೆ. ಆ ಓಲೆಯ ವಿಷಯ ಅವನಿಗೆ ಎಂದೂ ತಿಳಿಯುವುದಿಲ್ಲ. ಮಂಡಿಯ ಗುಮಾಸ್ತರಿಗೆ ಗೊತ್ತಿದ್ದ ಸತ್ಯ ಇದು: ಗುರುತಿಗೆ ಇಡುವ ಸಂಖ್ಯೆ ನಮ್ಮದೇ ಆಗಿರಬೇಕು, ಹೊರಗಿನಿಂದ ಎರವಲು ತಂದದ್ದಾಗಿರಬಾರದು. ಫೋನು ಕಳೆದುಹೋಗುತ್ತದೆ, ಹಂಚಿಕೆಯಾಗುತ್ತದೆ, ಬೇರೆಯವರ ಕೈಸೇರುತ್ತದೆ. ಖಾತೆಯ ಪುಟಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ.

ತಂದೆಯ ಹೆಸರಿನ ಕಾಲಂ ಇನ್ನೊಂದು ಮುಳ್ಳು. ಕಾಡ್‌ನ ಪದ್ಧತಿಯಲ್ಲಿ 'ನಲ್' ಎಂಬ ಒಂದು ಗುರುತಿದೆ. ಅದು ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ. 'ಇಲ್ಲಿ ಮಾಹಿತಿ ಇಲ್ಲ' ಎಂದು ಪ್ರಾಮಾಣಿಕವಾಗಿ ಹೇಳುವ ಗುರುತು. ಅದನ್ನು ಕಂಡರೆ ಪ್ರೋಗ್ರಾಮರುಗಳಿಗೆ ಸಿಟ್ಟು, ಯಾಕೆಂದರೆ ಅದು ಲೆಕ್ಕದಲ್ಲಿ ತೊಡಕು ತರುತ್ತದೆ. ಹಾಗಾಗಿ ಎಲ್ಲ ಚೌಕಗಳಿಗೂ ಕಡ್ಡಾಯದ ಕೆಂಪು ನಕ್ಷತ್ರ ಹಾಕುತ್ತಾರೆ. ಮಗುವನ್ನು ಒಬ್ಬಳೇ ಸಾಕಿದ ತಾಯಿ ಆ ಚೌಕದಲ್ಲಿ ಏನು ಬರೆಯಬೇಕು? ಕೆಲವರು ಚುಕ್ಕಿ ಇಡುತ್ತಾರೆ, ಕೆಲವರು ತಾತನ ಹೆಸರು, ಕೆಲವರು ಬಾಯಿಗೆ ಬಂದ ಹೆಸರು ಬರೆಯುತ್ತಾರೆ. ಕಡ್ಡಾಯ ಮಾಡಿದ ಮಾತ್ರಕ್ಕೆ ಸತ್ಯ ಬರುವುದಿಲ್ಲ, ಕೆಲವೊಮ್ಮೆ ಸುಳ್ಳು ಬರುತ್ತದೆ. ಆ ಸುಳ್ಳು ಮುಂದೆ ಯಾವುದೋ ಪರಿಶೀಲನೆಯಲ್ಲಿ ಹುಡುಗನ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಸಂಗತಿಗಳಿಗೆ ಕಾಲವೂ ಇದೆ ಎಂಬುದನ್ನು ನಮ್ಮ ಜಿಲ್ಲೆಗಿಂತ ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಹರಪನಹಳ್ಳಿ ಬಳ್ಳಾರಿಯಿಂದ ಬಂತು. ಮುಂದೆ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು. ಹರಪನಹಳ್ಳಿಯ ಒಬ್ಬ ರೈತ ಮನೆ ಬಿಟ್ಟು ಕದಲದೆ ಕಾಲು ಶತಮಾನದಲ್ಲಿ ಮೂರು ಜಿಲ್ಲೆಗಳನ್ನು ಕಂಡ. ಅವನ ವಿಳಾಸದ ಸಾಲಿನಲ್ಲಿ ಜಿಲ್ಲೆಯ ಹೆಸರನ್ನೇ ಅಕ್ಷರಗಳಲ್ಲಿ ಬರೆದಿಟ್ಟವರು ಪ್ರತಿ ಸಲವೂ ಸಾವಿರಾರು ಸಾಲು ತಿದ್ದಬೇಕು. ತಾಲ್ಲೂಕಿಗೊಂದು ಸಂಖ್ಯೆ ಕೊಟ್ಟು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಜಿಲ್ಲೆ ಎಂದು ಬೇರೊಂದು ಕೋಷ್ಟಕದಲ್ಲಿ ಬರೆದವರಿಗೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಊರುಗಳ ಹೆಸರೂ ಹಾಗೆಯೇ. 2014ರ ನವೆಂಬರಿನಲ್ಲಿ ಇಂಗ್ಲಿಷಿನ ಬೆಳ್ಳಾರಿ ಬಳ್ಳಾರಿಯಾಯಿತು, ಶಿಮೋಗ ಶಿವಮೊಗ್ಗವಾಯಿತು. ನಮ್ಮ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಕೆಲವರು ದಾವಣಗೆರೆ ಎಂದೂ ಕೆಲವರು ದಾವಣ್‌ಗೆರೆ ಎಂದೂ ಬರೆಯುತ್ತಾರೆ. ಯಾರಾದರೂ ಎಣಿಸಿ ನೋಡಿದರೆ ಒಂದೇ ಊರು ಎರಡಾಗಿ ಕಾಣುತ್ತದೆ.

ಇಷ್ಟು ಓದಿ, ಈ ಮನುಷ್ಯ ಫ್ರೇಮ್‌ವರ್ಕ್‌ಗಳ ವೈರಿ ಎಂದುಕೊಳ್ಳಬೇಡಿ. ನಾನು ಅವುಗಳನ್ನು ದಿನವೂ ಬಳಸುತ್ತೇನೆ. ಗುಪ್ತಪದವನ್ನು ಸುರಕ್ಷಿತವಾಗಿ ಇಡುವ ವಿಧಾನವನ್ನು, ಅರ್ಜಿಯ ಚೌಕದಲ್ಲಿ ಕಿಡಿಗೇಡಿಗಳು ಎಸ್‌ಕ್ಯುಎಲ್ ತುರುಕಿ ಮಾಹಿತಿ ಕದಿಯದಂತೆ ತಡೆಯುವ ಉಪಾಯವನ್ನು ಹೊಸಬರು ತಾವೇ ಬರೆಯಲು ಹೋಗಬಾರದು. ಒಳ್ಳೆಯ ಫ್ರೇಮ್‌ವರ್ಕಿನಲ್ಲಿ ನೂರಾರು ಜನರ ಅನುಭವ ಸೇರಿರುತ್ತದೆ. ನನ್ನ ತಕರಾರು ಒಂದೇ. ಕಲ್ಯಾಣ ಮಂಟಪ ಚೆನ್ನಾಗಿದೆ ಎಂದು ಗಂಡು ಹೆಣ್ಣಿನ ವಿಚಾರ ಮರೆಯಬಾರದು.

ಫ್ರೇಮ್‌ವರ್ಕ್‌ಗಳು ಡೇಟಾಬೇಸನ್ನು ಮರೆಮಾಚುವ ಒಂದು ಪರದೆಯನ್ನೂ ಕೊಡುತ್ತವೆ. ಅದಕ್ಕೆ ಓಆರ್‌ಎಂ ಎನ್ನುತ್ತಾರೆ. ಪ್ರೋಗ್ರಾಮಿನ ಲೋಕದಲ್ಲಿ ಎಲ್ಲವೂ 'ವಸ್ತು', ಡೇಟಾಬೇಸಿನ ಲೋಕದಲ್ಲಿ ಎಲ್ಲವೂ 'ಕೋಷ್ಟಕ'. ಇವೆರಡನ್ನು ಬೆಸೆಯುವ ಯತ್ನ ಅದು. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ನೋಡಿದವರಿಗೆ ಈ ಬೆಸುಗೆ ಸುಲಭವಾಗಿ ಅರ್ಥವಾದೀತು. ಅಲ್ಲಿ ಮೂರ್ತಿ ಒಂದೇ, ಆದರೆ ಅರ್ಧ ಹರಿ, ಅರ್ಧ ಹರ. ಇಬ್ಬರ ಲಕ್ಷಣಗಳೂ ಎದ್ದು ಕಾಣುತ್ತವೆ, ಒಬ್ಬರು ಇನ್ನೊಬ್ಬರನ್ನು ಮುಚ್ಚಿಲ್ಲ. ನಮ್ಮ ತರುಣರು ಮಾತ್ರ ಒಂದು ಅರ್ಧಕ್ಕಷ್ಟೇ ಕೈಮುಗಿದು ಬರುತ್ತಾರೆ.

ಅದರ ಫಲ ಏನಾಗುತ್ತದೆ? ಕಿರಾಣಿ ಅಂಗಡಿಯಿಂದ ಐವತ್ತು ಸಾಮಾನು ತರಬೇಕು ಎನ್ನಿ. ಬುದ್ಧಿವಂತ ಗೃಹಿಣಿ ಒಂದೇ ಚೀಟಿ ಬರೆದು ಹುಡುಗನ ಕೈಗೆ ಕೊಡುತ್ತಾಳೆ. ಪರದೆಯ ಹಿಂದೆ ಏನಿದೆ ಎಂದು ತಿಳಿಯದ ಪ್ರೋಗ್ರಾಮರ್ ಒಂದೊಂದು ಸಾಮಾನಿಗೂ ಒಂದೊಂದು ಸಲ ಹುಡುಗನನ್ನು ಓಡಿಸುತ್ತಾನೆ. ಉಪ್ಪಿಗೊಂದು ಸಲ, ಬೆಲ್ಲಕ್ಕೊಂದು ಸಲ. ಹತ್ತು ವಿದ್ಯಾರ್ಥಿಗಳ ಮಾಹಿತಿಯಲ್ಲಿ ಪರೀಕ್ಷಿಸಿದಾಗ ಇದು ಗೊತ್ತಾಗುವುದಿಲ್ಲ. ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಟ್ಟಿಗೆ ಬಂದಾಗ ಪುಟ ತೆರೆಯದೆ ಚಕ್ರ ತಿರುಗುತ್ತಲೇ ಇರುತ್ತದೆ, ಮನೆಯವರ ಎದೆಬಡಿತ ಏರುತ್ತದೆ. ಯಂತ್ರ ಚಿಕ್ಕದಾಯಿತು, ದೊಡ್ಡದು ಕೊಳ್ಳಬೇಕು ಎನ್ನುತ್ತಾರೆ. ಎಷ್ಟೋ ಕಡೆ ಬೇಕಾಗಿದ್ದದ್ದು ದೊಡ್ಡ ಯಂತ್ರವಲ್ಲ, ಒಂದು ಚೀಟಿ.

ಇನ್ನೊಂದು ಅಭಿಪ್ರಾಯ ನನ್ನ ವೃತ್ತಿಯ ಗೆಳೆಯರಲ್ಲೇ ವಾದಕ್ಕೆ ಎಡೆ ಮಾಡುತ್ತದೆ. ಅಂಕ ನೂರಕ್ಕಿಂತ ಹೆಚ್ಚಿರಬಾರದು, ಇಲ್ಲದ ವಿದ್ಯಾರ್ಥಿಯ ಹೆಸರಿಗೆ ಶುಲ್ಕ ಬೀಳಬಾರದು ಎಂಬಂಥ ನಿಯಮಗಳನ್ನು ಎಲ್ಲಿ ಬರೆಯಬೇಕು? ಫ್ರೇಮ್‌ವರ್ಕಿನಲ್ಲೇ ಬರೆದರೆ ಸಾಕು ಎಂದು ಕೆಲವರು. ಡೇಟಾಬೇಸಿನಲ್ಲೂ ಬರೆಯಲೇಬೇಕು ಎಂದು ನಾನು. ಮಂಟಪದ ಬಾಗಿಲಲ್ಲಿ ಕಾವಲಿದ್ದರೆ ಸಾಲದು, ಒಡವೆಯ ಪೆಟ್ಟಿಗೆಗೂ ಬೀಗ ಬೇಕು. ಯಾಕೆಂದರೆ ಮಂಟಪ ಬದಲಾಗುತ್ತದೆ, ಪೆಟ್ಟಿಗೆ ಅದೇ ಇರುತ್ತದೆ. ನಾಳೆ ಇನ್ನಾರೋ ಇನ್ನಾವುದೋ ಬಾಗಿಲಿನಿಂದ ಬಂದು ಅದೇ ಕೋಷ್ಟಕಕ್ಕೆ ಕೈ ಹಾಕುತ್ತಾರೆ.

ಪೋಷಕರಿಗೆ ಎರಡು ಮಾತು. ದಾವಣಗೆರೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಊರು ಇದು. ಹತ್ತಿ ಗಿರಣಿಗಳ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳು ಆ ಸದ್ದು ನಿಂತದ್ದನ್ನೂ ಕಂಡಿವೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ತುಂಬ ಹೆಸರಾಗಿದ್ದವು, ಆ ಕಾರ್ಖಾನೆಯೂ ಈಗಿಲ್ಲ. ಅಂಥ ಕಾರ್ಖಾನೆಗಳಿಂದ ಹೊರಬಂದವರಲ್ಲಿ ಒಂದೇ ಯಂತ್ರದ ಗುಂಡಿ ಒತ್ತಲು ಕಲಿತವರಿಗೆ ಕಷ್ಟವಾಯಿತು. ಲೋಹದ ಗುಣ, ಅಳತೆ, ನಕ್ಷೆ ಬಲ್ಲವರು ಇನ್ನೊಂದು ಯಂತ್ರದ ಮುಂದೆ ನಿಂತು ವಾರದಲ್ಲಿ ಹೊಂದಿಕೊಂಡರು. ಫ್ರೇಮ್‌ವರ್ಕ್ ಎಂಬುದು ಯಂತ್ರ. ಮಾಹಿತಿಯ ಗುಣ ತಿಳಿಯುವುದು ಕಸುಬು.

ಆದ್ದರಿಂದ ಶುಲ್ಕ ಕಟ್ಟುವ ಮುಂಚೆ ತರಬೇತಿಯವರನ್ನು ಕೇಳಿ: ಡೇಟಾಬೇಸಿಗೆ ಎಷ್ಟು ವಾರ? ಬರೀ ಎಸ್‌ಕ್ಯುಎಲ್ ವಾಕ್ಯಗಳೋ, ಕೋಷ್ಟಕ ರಚಿಸುವುದನ್ನೂ ಕಲಿಸುತ್ತೀರೋ? ಮಕ್ಕಳು ತಾವೇ ಒಂದು ವ್ಯವಸ್ಥೆಯನ್ನು ಕಾಗದದ ಮೇಲೆ ಬರೆದು ತೋರಿಸಬೇಕೋ, ಅಥವಾ ಮೇಷ್ಟ್ರು ತೆರೆಯ ಮೇಲೆ ತೋರಿಸಿದ್ದನ್ನು ನಕಲು ಮಾಡಿದರೆ ಸಾಕೋ? ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ. ದುಡ್ಡಿಲ್ಲದವರು ಹೆದರಬೇಕಾಗಿಲ್ಲ. ಪೋಸ್ಟ್‌ಗ್ರೆಸ್, ಎಸ್‌ಕ್ಯುಲೈಟ್ ಎಂಬ ಉತ್ತಮ ಡೇಟಾಬೇಸ್‌ಗಳು ಪೂರ್ತಿ ಉಚಿತ. ಯಾರೋ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ.

ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಮ್ ಬರೆಯುತ್ತದಲ್ಲ, ಇದೆಲ್ಲ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಫ್ರೇಮ್‌ವರ್ಕಿನ ಸಾಲುಗಳನ್ನು ಅದು ನನಗಿಂತ ವೇಗವಾಗಿ ಬರೆಯುತ್ತದೆ, ನಾನೂ ಬರೆಸುತ್ತೇನೆ. ಆದರೆ ನಮ್ಮ ಹಿಂದಿನ ಬೀದಿಯ ಮನೆಯಲ್ಲಿ ಇಬ್ಬರು ಹುಡುಗಿಯರಿಗೆ ಒಂದೇ ಫೋನಿದೆ ಎಂಬುದನ್ನು ಅದಕ್ಕೆ ಹೇಳಬೇಕಾದವರು ನಾವು. ಅದು ನಮಗೇ ಹೊಳೆಯದಿದ್ದರೆ ತಪ್ಪು ನಿಯಮವನ್ನೇ ಮೊದಲಿಗಿಂತ ಬೇಗ ಬರೆದು ಕೊಟ್ಟೀತು.

ವಿದ್ಯಾರ್ಥಿಗಳಿಗೆ ಒಂದು ರಜೆಯ ಕೆಲಸ ಸೂಚಿಸುತ್ತೇನೆ. ಕಂಪ್ಯೂಟರ್ ಮುಟ್ಟಬೇಡಿ. ನಿಮ್ಮ ಬೀದಿಯ ಮಹಿಳಾ ಸಂಘದ ಲೆಕ್ಕವನ್ನೋ, ಶಾಲೆಯ ಗ್ರಂಥಾಲಯವನ್ನೋ, ಪರಿಚಯದ ಮಂಡಿಯನ್ನೋ ಆರಿಸಿಕೊಳ್ಳಿ. ಅಲ್ಲಿ ಒಂದು ದಿನ ಕುಳಿತು ಯಾರು ಬರುತ್ತಾರೆ, ಏನು ಬರೆಯುತ್ತಾರೆ, ಎಲ್ಲಿ ಜಗಳವಾಗುತ್ತದೆ ನೋಡಿ. ಸಾಲದ ಕಂತು ಕಟ್ಟಿದ್ದೇನೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳಿದಾಗ ಯಾವ ಪುಸ್ತಕದ ಯಾವ ಸಾಲು ಆ ಜಗಳ ಬಿಡಿಸುತ್ತದೆ ಎಂದು ಕೇಳಿ. ಆಮೇಲೆ ಒಂದು ಹಾಳೆಯ ಮೇಲೆ ಕೋಷ್ಟಕಗಳನ್ನು ಬರೆಯಿರಿ. ಬರೆದದ್ದನ್ನು ಆ ಸಂಘದ ಅಕ್ಕ ಅಮ್ಮಂದಿರಿಗೇ ಓದಿ ಹೇಳಿ. "ಅಲ್ಲಪ್ಪಾ, ಒಬ್ಬಳೇ ಎರಡು ಸಾಲ ತಗೊಂಡಿದ್ರೆ ಎಲ್ಲಿ ಬರಿತೀಯಾ?" ಎಂದು ಅವರಲ್ಲಿ ಒಬ್ಬರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ನಿಮ್ಮ ಹಾಳೆಯಲ್ಲಿ ಜಾಗವಿದ್ದರೆ ನೀವು ಯಾವ ಫ್ರೇಮ್‌ವರ್ಕ್ ತರಗತಿಗೆ ಬೇಕಾದರೂ ಧೈರ್ಯವಾಗಿ ಸೇರಿಕೊಳ್ಳಬಹುದು.